ಎಂ.ಎಸ್ಸಿ ಮುಗಿಸಿ ಮಕ್ಕಳ ವಾರ್ಡಿನಲ್ಲಿ ಸ್ಯಾಂಪಲ್ ಸಂಗ್ರಹಿಸುವ ಕೆಲಸಕ್ಕೆ ಸೇರಿದರೆ ಲ್ಯಾಬ್ ಕೈತಪ್ಪಿ ಹೋಗುತ್ತಾ?

ಒಂದು ಕಡೆ ಬಯೋಟೆಕ್ ಕಂಪನಿಯ ಲ್ಯಾಬ್, ಇನ್ನೊಂದು ಕಡೆ ಆಸ್ಪತ್ರೆಯಲ್ಲಿ ಮಕ್ಕಳ ಭೇದಿಯ ಮೇಲೆ ನಡೆಯುವ ಪ್ರಾಜೆಕ್ಟ್. ಯಾವುದಕ್ಕೆ ಸೇರಲಿ, ವಾರ್ಡಿನ ಕೆಲಸದಲ್ಲಿ ಸೈನ್ಸ್ ಎಲ್ಲಿದೆ ಅಂತ ಬರೆದು ಕೇಳಿದ್ದೀರಿ. ಮೈಕ್ರೋಬಯಾಲಜಿ ಓದಿ ಬೆಂಗಳೂರಿನಲ್ಲಿ ಕೆಲಸ ಹುಡುಕುವಾಗ ನನ್ನ ಮುಂದೆಯೂ ಇವೇ ಎರಡು ಇದ್ದವು. ನಾನು ಆಸ್ಪತ್ರೆಗೆ ಹೋದೆ. ಹೋದೆ ಅಷ್ಟೇ, ತಲೆಯಲ್ಲಿ ಮಾತ್ರ ನಿಮ್ಮದೇ ಲೆಕ್ಕ ಓಡುತ್ತಿತ್ತು. ವಾರ್ಡಿನಲ್ಲಿ ಡಬ್ಬಿ ಹಿಡಿದು ಕಾಯುವುದು ಯಾರು ಬೇಕಾದರೂ ಮಾಡುವ ಕೆಲಸ, ನಿಜವಾದ ಸೈನ್ಸ್ ನಡೆಯುವುದು ಲ್ಯಾಬಿನಲ್ಲಿ ಅಂತ. ಈ ಲೆಕ್ಕ ಇಟ್ಟುಕೊಂಡೇ ಒಂದು ವರ್ಷದ ಡೇಟಾ ಹಾಳು ಮಾಡಿದೆ.

ಪ್ರಾಜೆಕ್ಟ್ ಕೇಳಲು ಸುಲಭ. ಐದು ವರ್ಷದೊಳಗಿನ ಮಗು ವಾಂತಿ ಭೇದಿ ಅಂತ ಅಡ್ಮಿಟ್ ಆದರೆ ಅಪ್ಪ ಅಮ್ಮನ ಒಪ್ಪಿಗೆ ಪಡೆದು ಮಲದ ಸ್ಯಾಂಪಲ್ ತೆಗೆದುಕೊಳ್ಳಬೇಕು. ಫ್ರಿಜ್ಜಿನಲ್ಲಿಡಬೇಕು. ಆಮೇಲೆ ಎಲೈಸಾ ಅನ್ನುವ ಲ್ಯಾಬ್ ಪರೀಕ್ಷೆ ಮಾಡಿ, ಪುಟ್ಟ ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಇದೆಯಾ ನೋಡಬೇಕು. ಆಗ ಕರ್ನಾಟಕದ ಸರ್ಕಾರಿ ಲಸಿಕೆ ಪಟ್ಟಿಗೆ ರೋಟಾವೈರಸ್ ಹನಿ ಬಂದಿರಲಿಲ್ಲ. ಲಸಿಕೆ ಬರುವ ಮುಂಚೆ ಪರಿಸ್ಥಿತಿ ಹೇಗಿತ್ತು ಅಂತ ಬರೆದಿಟ್ಟರೆ ತಾನೆ, ಬಂದ ಮೇಲೆ ಎಷ್ಟು ಕಡಿಮೆಯಾಯಿತು ಅಂತ ಹೇಳಲು ಆಗುವುದು? ನಮ್ಮ ಕೆಲಸ ಇದ್ದಿದ್ದೇ ಅದಕ್ಕೆ.

ಡಬ್ಬಿ ಹಿಡಿಯುವುದು ಸುಲಭ ಅಂದುಕೊಂಡಿದ್ದೆ ಅಂದೆನಲ್ಲ, ಅದು ಮೊದಲ ವಾರಕ್ಕೇ ಇಳಿಯಿತು. ಡೈಪರ್ ಹಾಕಿದ ಮಗುವಿನ ನೀರು ಭೇದಿ ನಾವು ನೋಡುವಷ್ಟರಲ್ಲಿ ಡೈಪರ್ ಒಳಗೇ ಇಂಗಿ ಹೋಗಿರುತ್ತದೆ. ಡೈಪರನ್ನು ಒಳಹೊರಗು ಮಾಡಿ, ಪ್ಲಾಸ್ಟಿಕ್ ಬದಿ ಮಗುವಿನ ಮೈಗೆ ಬರುವ ಹಾಗೆ ಕಟ್ಟಿದರೆ ಇಂಗುವುದಿಲ್ಲ, ಚಮಚದಲ್ಲಿ ತೆಗೆಯಬಹುದು. ಇದನ್ನು ಹೇಳಿಕೊಟ್ಟಿದ್ದು ವಾರ್ಡಿನ ಆಯಾ. ನಮ್ಮ ಎಂ.ಎಸ್ಸಿ ಸಿಲಬಸ್‌ನಲ್ಲಿ ಇರಲಿಲ್ಲ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಸಂದರ್ಶನದಲ್ಲಿ ಇದನ್ನು ನಿಮಗೆ ಯಾರೂ ಹೇಳುವುದಿಲ್ಲ.

ನಮ್ಮ ಹತ್ತಿರ ಎರಡು ಪುಸ್ತಕ ಇದ್ದವು. ಒಂದು, ಅಧ್ಯಯನಕ್ಕೆ ಸೇರಿದ ಮಕ್ಕಳದು. ಇನ್ನೊಂದು ಉದ್ದನೆಯ ರಿಜಿಸ್ಟರ್. ಆ ದಿನ ಭೇದಿ ಅಂತ ಅಡ್ಮಿಟ್ ಆದ ಪ್ರತಿ ಮಗುವಿಗೂ ಅದರಲ್ಲಿ ಒಂದು ಸಾಲು. ಮಗು ಅಧ್ಯಯನಕ್ಕೆ ಸೇರಿತಾ? ಇಲ್ಲ ಅಂದರೆ ಯಾಕೆ ಇಲ್ಲ? ಮೊದಲನೇ ಪುಸ್ತಕವನ್ನು ಮುತ್ತು ಪೋಣಿಸಿದ ಹಾಗೆ ಬರೆದೆ. ಎರಡನೆಯದು ಗುಮಾಸ್ತರ ಕೆಲಸ ಅನ್ನಿಸಿತು. ಸೇರದ ಮಗುವಿನ ಸ್ಯಾಂಪಲ್ಲೇ ಇಲ್ಲ, ಅದರ ಹೆಸರು ಇಟ್ಟುಕೊಂಡು ಏನು ಮಾಡೋದು, ಆಮೇಲೆ ಬಿಡುವಾದಾಗ ಕೇಸ್ ಶೀಟ್ ನೋಡಿ ತುಂಬಿಸೋಣ ಅಂತ ಬಿಟ್ಟೆ. ಸೇರಿದ ಮಕ್ಕಳ ಸಾಲು ಮಾತ್ರ ಅಲ್ಲಿಗೂ ನಕಲು ಮಾಡಿಟ್ಟೆ. ನೋಡಿದವರಿಗೆ ರಿಜಿಸ್ಟರ್ ತುಂಬಿದ ಹಾಗೆ ಕಾಣುತ್ತಿತ್ತು.

ಫಲಿತಾಂಶ ಚೆನ್ನಾಗಿಯೇ ಬಂತು. ಜಾಸ್ತಿ ಚೆನ್ನಾಗಿಯೇ ಬಂತು. ದೇಶದಲ್ಲಿ 2005ರ ಕೊನೆಯಲ್ಲಿ ಶುರುವಾದ ರೋಟಾವೈರಸ್ ಕಣ್ಗಾವಲಿನಲ್ಲಿ, ಭೇದಿಯಿಂದ ಆಸ್ಪತ್ರೆ ಸೇರಿದ ನೂರು ಮಕ್ಕಳಲ್ಲಿ ಸುಮಾರು 40 ಮಕ್ಕಳಿಗೆ ಈ ವೈರಸ್ ಸಿಕ್ಕಿತ್ತು. ನಮ್ಮದು ಅದಕ್ಕಿಂತ ತುಂಬಾ ಮೇಲಿತ್ತು. ನಾನಂತೂ ಸಂಶೋಧನಾ ಪೇಪರಿನ ತಲೆಬರಹವನ್ನೂ ಯೋಚಿಸಿಟ್ಟುಕೊಂಡಿದ್ದೆ. ಆಗ ಅಂಕಿಅಂಶ ನೋಡುವ ಮೇಡಂ ಫೋನ್ ಮಾಡಿ ಕೇಳಿದರು: "ಸೇರದೇ ಇದ್ದ ಮಕ್ಕಳೆಷ್ಟು? ಯಾಕೆ ಸೇರಲಿಲ್ಲ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಕೂತು ಯೋಚಿಸಿದಾಗ ಒಬ್ಬೊಬ್ಬರೇ ನೆನಪಾದರು. ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ನಾನು ಬರುವ ಮುಂಚೆ ಡಿಸ್ಚಾರ್ಜ್ ಆದ ಮಕ್ಕಳು. ನೇರ ಐಸಿಯುಗೆ ಹೋದವರು, ಅಲ್ಲಿ ಅಮ್ಮನ ಹತ್ತಿರ ಫಾರಂ ಹಿಡಿದು ನಿಲ್ಲಲು ನನಗೆ ಮನಸ್ಸು ಬರುತ್ತಿರಲಿಲ್ಲ. "ಅವರಪ್ಪ ಬರಲಿ, ಕೇಳಿ ಹೇಳ್ತೀನಿ" ಅಂದ ತಾಯಂದಿರು. ಅಪ್ಪ ಕೆಲಸ ಮುಗಿಸಿ ಬರುವುದು ರಾತ್ರಿ, ನಾನು ಐದಕ್ಕೇ ಬಸ್ ಹಿಡಿದಿರುತ್ತಿದ್ದೆ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ನಮ್ಮ ಒಪ್ಪಿಗೆ ಪತ್ರ ಇದ್ದಿದ್ದು ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಕೋಲಾರದ ಕಡೆಯ ತೆಲುಗಿನವರಿಗೆ, ಹೊಸೂರಿನ ತಮಿಳಿನವರಿಗೆ ಸಿಸ್ಟರ್‌ಗಳ ಸಹಾಯದಿಂದ ಹೇಗೋ ವಿವರಿಸುತ್ತಿದ್ದೆ. ಕಟ್ಟಡ ಕೆಲಸಕ್ಕೆ ಅಂತ ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಶೆಡ್ಡಿನಲ್ಲಿರುವವರನ್ನು ಸುಮ್ನೆ ದಾಟಿ ಹೋಗುತ್ತಿದ್ದೆ. ಊರೂರು ತಿರುಗುವ ಆ ಮಕ್ಕಳಿಗೇ ಲಸಿಕೆ ತಪ್ಪುವ ಸಂಭವ ಜಾಸ್ತಿ, ಕೆಟ್ಟ ನೀರಿನ ಕಾಟವೂ ಜಾಸ್ತಿ. ಮಕ್ಕಳ ಸೋಂಕಿನ ಅಧ್ಯಯನ ಅಂತ ಹೆಸರಿಟ್ಟುಕೊಂಡು ಅವರನ್ನೇ ಬಿಟ್ಟರೆ ಏನು ಬಂತು ಹೇಳಿ.

ಇದರಿಂದ ಲೆಕ್ಕ ಹೇಗೆ ಕೆಡುತ್ತದೆ ನೋಡಿ. ಪದೇಪದೇ ನೀರಾಗಿ ಹೋಗುವ ಮಗುವಿನ ಸ್ಯಾಂಪಲ್ ಬೇಗ ಸಿಗುತ್ತದೆ. ರೋಟಾವೈರಸ್ ಭೇದಿ ಸಾಮಾನ್ಯವಾಗಿ ಹಾಗೇ ಇರುವುದು. ರಕ್ತ ಬೆರೆತು ಚೂರುಚೂರೇ ಹೋಗುವ ಮಗು, ಅಂದರೆ ಶಿಗೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದಾದ ಮಗು, ನಾನು ಹೋದ ಹೊತ್ತಿಗೆ ಏನೂ ಕೊಡುವುದಿಲ್ಲ. ಎರಡು ದಿನದಲ್ಲಿ ಸುಧಾರಿಸಿದ ಮಗು ಮನೆಗೇ ಹೋಗಿಬಿಟ್ಟಿರುತ್ತದೆ. ಹೀಗೆ ನನಗೆ ಗೊತ್ತಿಲ್ಲದೆ ರೋಟಾವೈರಸ್ ಇರುವ ಮಕ್ಕಳನ್ನೇ ಆರಿಸಿ ಆರಿಸಿ ಸೇರಿಸಿಕೊಂಡಿದ್ದೆ. ಅಥವಾ ಆ ವರ್ಷ ನಿಜಕ್ಕೂ ವೈರಸ್ ಜಾಸ್ತಿ ಇತ್ತೋ ಏನೋ. ಯಾವುದು ನಿಜ ಅಂತ ಹೇಳಲು ದಾರಿಯೇ ಇಲ್ಲ. ಎಲೈಸಾ ತಪ್ಪಿರಲಿಲ್ಲ, ಪರೀಕ್ಷೆ ಸರಿಯಿದೆಯಾ ಅಂತ ನೋಡಲು ಜೊತೆಗಿಡುವ ಕಂಟ್ರೋಲ್‌ಗಳೆಲ್ಲ ಸರಿಯಾಗಿದ್ದವು. ಲ್ಯಾಬಿನಲ್ಲಿ ಎಷ್ಟೇ ಚೊಕ್ಕವಾಗಿ ಮಾಡಿದರೂ ಇದು ಸರಿಹೋಗುವುದಿಲ್ಲ.

ಆಸ್ಪತ್ರೆಯ ಹಳೇ ದಾಖಲೆ ಇಡುವ ಎಂಆರ್‌ಡಿ ವಿಭಾಗಕ್ಕೆ ಹೋಗಿ ಹಳೇ ಕೇಸ್ ಶೀಟಿನ ಕಟ್ಟು ಬಿಚ್ಚಿಸಿದೆ. ಎಷ್ಟು ಮಕ್ಕಳು ಅಡ್ಮಿಟ್ ಆಗಿದ್ದರು ಅನ್ನುವುದು ಹೆಚ್ಚುಕಡಿಮೆ ಸಿಕ್ಕಿತು. ಯಾಕೆ ಸೇರಲಿಲ್ಲ ಅನ್ನುವುದು ಯಾವ ಕೇಸ್ ಶೀಟಿನಲ್ಲಿ ಇರುತ್ತದೆ? ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ "ಅಂದಾಜಲ್ಲಿ ಬರೆದುಬಿಡು, ಯಾರು ಕೇಳ್ತಾರೆ" ಅಂದ. ಬರೆಯಲಿಲ್ಲ. ದೊಡ್ಡತನ ಅಂತಲ್ಲ, ಸಿಕ್ಕಿಬೀಳುವ ಭಯವೂ ಇತ್ತು. ಆ ವರ್ಷದ ಭಾಗ ಪೇಪರಿನಿಂದ ಹೊರಗೆ ಹೋಯಿತು, ಜೊತೆಗೆ ನನ್ನ ಹೆಸರೂ. ಪಿಎಚ್‌ಡಿ ಅರ್ಜಿಗೆ ಅದನ್ನೇ ನಂಬಿಕೊಂಡಿದ್ದೆ, ಅದೂ ಮುಂದಕ್ಕೆ ಹೋಯಿತು. ಮತ್ತೆ ಮಾಡೋಣ ಅಂದರೆ ಆಗಲ್ಲ. ದೇಶದಲ್ಲಿ 2016ರಲ್ಲಿ ನಾಲ್ಕು ರಾಜ್ಯಗಳಿಂದ ಶುರುವಾದ ಲಸಿಕೆ 2019ರ ಹೊತ್ತಿಗೆ ಎಲ್ಲ ಕಡೆ ಬಂತು. ಲಸಿಕೆಗೆ ಮುಂಚಿನ ಬೆಂಗಳೂರಿನ ವರ್ಷವನ್ನು ಈಗ ಎಲ್ಲಿಂದ ತರೋದು?

ವಾರ್ಡ್ ಬೇರೆ, ಸೈನ್ಸ್ ಬೇರೆ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪದೇ ಇರುವುದಕ್ಕೆ ಇನ್ನೊಂದು ಕಾರಣವಿದೆ. ಇದು ನಮ್ಮೂರಿನದೇ ಕಥೆ. 1980ರ ದಶಕದಲ್ಲಿ ಐಐಎಸ್‌ಸಿಯ ಸಿ. ದುರ್ಗಾ ರಾವ್ ಅವರ ತಂಡಕ್ಕೆ ಬೆಂಗಳೂರಿನ ಆಸ್ಪತ್ರೆಗಳ ನವಜಾತ ಶಿಶುಗಳಲ್ಲಿ ಒಂದು ರೋಟಾವೈರಸ್ ಸಿಕ್ಕಿತು. ಆ ಶಿಶುಗಳಿಗೆ ಭೇದಿಯೇ ಇರಲಿಲ್ಲ! ವೈರಸ್ ಹೊಟ್ಟೆಯಲ್ಲಿದೆ, ಮಗು ಆರಾಮಾಗಿದೆ. ಆ ವೈರಸ್ಸಿಗೆ ಐ321 ಅಂತ ಹೆಸರಾಯಿತು. ದೆಹಲಿಯ ಏಮ್ಸ್‌ನಲ್ಲೂ ಅದೇ ದಶಕದಲ್ಲಿ ಎಂ. ಕೆ. ಭಾನ್ ಅವರ ತಂಡಕ್ಕೆ ಇದೇ ರೀತಿ, ಕಾಯಿಲೆ ಕಾಣದ ನವಜಾತ ಶಿಶುಗಳಲ್ಲಿ 116ಇ ಅನ್ನುವ ಇನ್ನೊಂದು ರೋಟಾವೈರಸ್ ಸಿಕ್ಕಿತ್ತು.  ಲಸಿಕೆಯಾಗಬಹುದಾ ಅಂತ ಎರಡನ್ನೂ ಶಿಶುಗಳಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. 116ಇ ಹೆಚ್ಚು ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಮೂಡಿಸಿತು, ನಮ್ಮ ಐ321 ಹಿಂದೆ ಬಿತ್ತು. 116ಇ ಮುಂದೆ ರೋಟಾವ್ಯಾಕ್ ಲಸಿಕೆಯಾಯಿತು. (ಬೆಂಗಳೂರಿನವನಾಗಿ ಸ್ವಲ್ಪ ಹೊಟ್ಟೆಯುರಿ ಇದೆ, ಇರಲಿ.)

ಆರಾಮಾಗಿರುವ ಮಗುವಿನ ಮಲವನ್ನೂ ಯಾರೋ ಡಬ್ಬಿಗೆ ಹಾಕಿದ್ದರಿಂದ ತಾನೆ ಇವೆರಡೂ ಸಿಕ್ಕಿದ್ದು? ಕಾಯಿಲೆ ಬಿದ್ದವರನ್ನು ಮಾತ್ರ ನೋಡಿದ್ದರೆ ಇವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಮೇಲೆ ದೆಹಲಿ, ಪುಣೆ, ವೆಲ್ಲೂರಿನಲ್ಲಿ ಸುಮಾರು 6,800 ಶಿಶುಗಳ ಮೇಲೆ ದೊಡ್ಡ ಪರೀಕ್ಷೆ ನಡೆದಾಗ ಲಸಿಕೆ ರೋಟಾವೈರಸ್ಸಿನ ತೀವ್ರ ಭೇದಿಯನ್ನು ಅರ್ಧಕ್ಕಿಂತ ತುಸು ಜಾಸ್ತಿ ತಡೆಯುತ್ತದೆ ಅಂತ ಗೊತ್ತಾಯಿತು. ಆ ಅರ್ಧ ಅನ್ನುವ ಅಂಕಿಯನ್ನು ನಂಬಲು ಆಗುವುದು ಪ್ರತಿ ಮಗುವಿನ ಲೆಕ್ಕ ಇಟ್ಟಿದ್ದರಿಂದ. ಊರು ಬಿಟ್ಟು ಹೋದ ಮಗುವನ್ನೂ ಹುಡುಕಿ ಬರೆಯುತ್ತಾರೆ ಅಲ್ಲಿ.

ಲ್ಯಾಬ್ ಕೌಶಲ ಮರೆತುಹೋಗುತ್ತದೆ ಅನ್ನುವ ಭಯ ಬಿಡಿ. ಎಲೈಸಾ ಒಂದು ವಾರದಲ್ಲಿ ಕೈಗೆ ಬರುತ್ತದೆ, ಕಿಟ್ ಜೊತೆಯ ಕಾಗದದಲ್ಲಿ ಎಲ್ಲ ಬರೆದಿರುತ್ತದೆ. ವೈರಸ್ಸಿನ ಜೀನ್ ಹುಡುಕುವ ಪಿಸಿಆರ್‌ಗೆ ಇನ್ನು ಸ್ವಲ್ಪ ದಿನ. ಕಂಪನಿಗೆ ಹೋದರೆ ಮೊದಲ ಎರಡು ವರ್ಷ ನೀವು ಮಾಡುವುದೂ ಅದನ್ನೇ, ಸಂಬಳ ಮಾತ್ರ ಜಾಸ್ತಿ. ಮನೆಯಲ್ಲಿ ದುಡ್ಡಿನ ಒತ್ತಡ ಇದ್ದರೆ ಅಲ್ಲಿಗೇ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ.

ಸೋಂಕು ತಗುಲುತ್ತದೆ ಅಂತ ನಿಮ್ಮ ಅಮ್ಮ ಹೆದರುತ್ತಿದ್ದಾರೆ ಅಂದಿರಿ. ಗ್ಲೌಸ್ ಹಾಕಿ, ಸೋಪಿನಲ್ಲಿ ಕೈ ತೊಳೆಯಿರಿ, ವಾರ್ಡಿನಲ್ಲಿ ಕೂತು ಟಿಫನ್ ಡಬ್ಬಿ ಬಿಚ್ಚಬೇಡಿ.

ಒಪ್ಪಿಗೆ ಕೇಳುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ರಾತ್ರಿ ನಿದ್ದೆಗೆಟ್ಟ ತಾಯಿ "ಡಾಕ್ಟರ್ ಹೇಳಿದ್ದಾರೆ" ಅಂದುಕೊಂಡು ಎಲ್ಲಿ ಬೇಕಾದರೂ ಸಹಿ ಹಾಕುತ್ತಾಳೆ. ಬೇಡ ಅಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸ ಆಗಲ್ಲಮ್ಮ ಅಂತ ಕೂತು ಹೇಳಬೇಕು, ಬೇಡ ಅಂದರೆ ಬಿಡಬೇಕು. ಮುಂದೆ ದೊಡ್ಡ ಮಕ್ಕಳ ಪ್ರಾಜೆಕ್ಟಿಗೆ ಹೋದರೆ, ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಬಾಯಿಮಾತಿನಲ್ಲಿ ಕೇಳಬೇಕು, 12 ದಾಟಿದರೆ ಬರವಣಿಗೆಯಲ್ಲಿ. ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಹಾಗೆ ಹೇಳುತ್ತದೆ.

ನನ್ನನ್ನು ಕೇಳಿದರೆ ವಾರ್ಡಿಗೇ ಹೋಗಿ. ಆದರೆ ಕಣ್ಣು ಮುಚ್ಚಿ ಒಪ್ಪಬೇಡಿ. ಸೇರುವ ಮುಂಚೆ ಪ್ರಾಜೆಕ್ಟ್ ನಡೆಸುವವರನ್ನು ಕೇಳಿ: ಸೇರದ ಮಕ್ಕಳ ರಿಜಿಸ್ಟರ್ ಇದೆಯಾ, ಅದನ್ನು ವಾರಕ್ಕೊಮ್ಮೆ ಯಾರಾದರೂ ತೆಗೆದು ನೋಡುತ್ತಾರಾ, ಒಪ್ಪಿಗೆ ಪತ್ರ ಯಾವ ಯಾವ ಭಾಷೆಯಲ್ಲಿದೆ, ಭಾನುವಾರ ಮತ್ತು ರಾತ್ರಿ ಯಾರಿಗೆ ಡ್ಯೂಟಿ. "ಅದೆಲ್ಲ ಆಮೇಲೆ ನೋಡೋಣ, ಮೊದಲು ಬಂದು ಸೇರಿಕೊಳ್ಳಿ" ಅಂದರೆ ಕಂಪನಿಯವರಿಗೆ ಫೋನ್ ಮಾಡಿ, ಯಾವಾಗ ಬರಬೇಕು ಅಂತ ಕೇಳಿ.