ಶುತೆನ್ನೋ, ಜುಚೊನ್‌ವಾಂಗ್ ಎರಡೂ ಬೇರೆ ಬೇರೆ ಆರ್ಕಿಡ್ಡಾ?

ನೀವು ಕೇಳಿದ್ದು ಇಷ್ಟು: ಜಪಾನಿನ ಒಬ್ಬರು ಮಾರುವ ಪುಟ್ಟ ಆರ್ಕಿಡ್‌ಗೆ 'ಶುತೆನ್ನೋ' ಅನ್ನೋ ಚೀಟಿ ಇದೆ. ಕೊರಿಯಾದವರ ಪಟ್ಟಿಯಲ್ಲಿ ಅಂಥದ್ದೇ ಗಿಡಕ್ಕೆ 'ಜುಚೊನ್‌ವಾಂಗ್' ಅಂತಿದೆ. ಇವು ಎರಡು ತಳಿಗಳಾ, ಸಂಗ್ರಹಕ್ಕೆ ಎರಡೂ ಬೇಕಾ?

ಬೇಡ. ಎರಡೂ ಒಂದೇ ತಳಿ. ಸುಮ್ನೆ ಎರಡು ಸಲ ದುಡ್ಡು ಕೊಡಬೇಡಿ.

ಈ ಗಿಡಗಳ ಹೆಸರುಗಳೆಲ್ಲ ಮೂಲದಲ್ಲಿ ಚೀನೀ ಲಿಪಿಯವು. ನಿಮ್ಮ ಗಿಡದ ಹೆಸರಿನಲ್ಲಿ ಮೂರು ಅಕ್ಷರಗಳಿವೆ: ಕುಂಕುಮಗೆಂಪು, ಆಕಾಶ, ರಾಜ. ಜಪಾನಿನವರು ಅದನ್ನು ಶು-ತೆನ್-ನೋ ಅಂತ ಓದುತ್ತಾರೆ, ಕೊರಿಯಾದವರು ಜು-ಚೊನ್-ವಾಂಗ್ ಅಂತ ಓದುತ್ತಾರೆ. 5 ಅಂತ ಬರೆದಿದ್ದನ್ನು ನಾವು ಐದು ಅಂತೀವಿ, ತಮಿಳರು ಅಂಜು ಅಂತಾರೆ, ಅಲ್ವಾ? ಹಾಗೇ ಇದೂ. ಹೂವು ಕೆಂಪು ಛಾಯೆಯದ್ದು, ಅದಕ್ಕೇ ಹೆಸರಿನಲ್ಲಿ ಕುಂಕುಮ.

ಇಡೀ ಜಾತಿಯ ಹೆಸರಿನಲ್ಲೂ ಇದೇ ಕಥೆ. ಜಪಾನಿನಲ್ಲಿ 'ಫೂರಾನ್', ಕೊರಿಯಾದಲ್ಲಿ 'ಪುಂಗ್ನಾನ್'. ಅಕ್ಷರ ಅವೇ ಎರಡು, ಗಾಳಿ ಮತ್ತು ಆರ್ಕಿಡ್. ಮರದ ಮೇಲೆ, ಬಂಡೆಯ ಮೇಲೆ ಬೇರು ಚಾಚಿಕೊಂಡು ಗಾಳಿಯಲ್ಲೇ ಬದುಕುವ ಗಿಡ ಇದು. ದಟ್ಟ ಮಂಜಿನಲ್ಲಿ ದಾರಿ ತಪ್ಪಿದ ನಾವಿಕರು ಪುಂಗ್ನಾನ್ ಹೂವಿನ ವಾಸನೆ ಹಿಡಿದು ದಡ ಹತ್ತಿರ ಇದೆ ಅಂತ ತಿಳಿಯುತ್ತಿದ್ದರು ಅಂತ ಕೊರಿಯಾದಲ್ಲಿ ಹೇಳುತ್ತಾರೆ. ಕತೆ ಎಷ್ಟು ನಿಜವೋ, ಸಂಜೆ ಹೊತ್ತಿಗೆ ಏರುವ ಆ ಪರಿಮಳವಂತೂ ನಿಜ.

ಸಸ್ಯಶಾಸ್ತ್ರದ ಹೆಸರು ಬೇರೆ ಗೊಂದಲ. ಸ್ವೀಡನ್ನಿನ ಥುನ್‌ಬರ್ಗ್ 1784ರಲ್ಲಿ ಇದನ್ನು ಮೊದಲು ವರ್ಣಿಸಿದ. ಬಹಳ ಕಾಲ ನಿಯೋಫಿನೆಟಿಯಾ ಫಾಲ್ಕಾಟಾ ಅಂತ ಕರೆದರು, 2012ರ ನಂತರ ವಂಡಾ ಫಾಲ್ಕಾಟಾ ಅಂತಾಗಿದೆ. ವಂಡಾ ಅನ್ನೋದು ಸಂಸ್ಕೃತದಿಂದಲೇ ಹೋದ ಪದ, ಮರದ ಮೇಲೆ ಬೆಳೆಯುವ ಗಿಡಕ್ಕೆ ಇದ್ದ ಹೆಸರು. ನಮ್ಮ ಮಲೆನಾಡಿನ ಸೀತಾಳೆ ದಂಡೆಗೂ ಇದು ದೂರದ ನೆಂಟ. ಮಾರುವವರು ಮಾತ್ರ ಇವತ್ತಿಗೂ 'ನಿಯೋ' ಅಂತಲೇ ಕರೆಯುತ್ತಾರೆ.

ನೀವು 'ಫೂಕಿರಾನ್' ಅನ್ನೋ ಪದವನ್ನೂ ನೋಡಿರುತ್ತೀರಿ. ಕಾಡಿನ ಮಾಮೂಲಿ ಗಿಡ ಫೂರಾನ್. ಅದರಲ್ಲಿ ಎಲೆಯೋ ಹೂವೋ ವಿಶೇಷವಾಗಿದ್ದು, ಆಯ್ದು ಹೆಸರಿಟ್ಟದ್ದು ಫೂಕಿರಾನ್, ಅಂದರೆ ಸಿರಿವಂತರ ಆರ್ಕಿಡ್. ಕೊರಿಯಾದಲ್ಲಿ 'ಬುಗ್ವಿರಾನ್' ಅಂದರೂ ಇದೇ. ಎದೊ ಕಾಲದಲ್ಲಿ, ಅಂದರೆ ಜಪಾನನ್ನು ಶೋಗನ್ ಎಂಬ ಸೇನಾಧಿಪತಿಗಳು ಆಳುತ್ತಿದ್ದಾಗ, ಶೋಗನ್ ತೊಕುಗಾವಾ ಇಎನಾರಿಗೆ ಇದರ ಹುಚ್ಚಿತ್ತಂತೆ. ಕುಂಡಕ್ಕೆ ಚಿನ್ನ ಬೆಳ್ಳಿಯ ಬಲೆ ಹೊದಿಸುತ್ತಿದ್ದರು, ನೋಡುವವರು ಉಸಿರು ತಾಗದಂತೆ ಬಾಯಿಗೆ ಕಾಗದ ಹಿಡಿಯುತ್ತಿದ್ದರು ಅಂತ ಹೇಳುತ್ತಾರೆ. ಈಗಲೂ ಜಪಾನಿನ ಫೂಕಿರಾನ್ ಸಂಘ 'ಮೇಯ್ಕಾನ್' ಅನ್ನೋ ದರ್ಜೆಪಟ್ಟಿ ಹೊರಡಿಸುತ್ತದೆ. ನೋಡಲು ಥೇಟ್ ಸುಮೊ ಪೈಲ್ವಾನರ ಪಟ್ಟಿಯ ಹಾಗೆ: ಎತ್ತರದ ದರ್ಜೆಯವು ಮೇಲೆ ದಪ್ಪ ಅಕ್ಷರದಲ್ಲಿ, ಉಳಿದವು ಕೆಳಗೆ ಸಣ್ಣಕ್ಕೆ.

ತಳಿಗಳ ಹೆಸರಿನ ಅರ್ಥ ಗೊತ್ತಾದರೆ ಮಜಾ ಜಾಸ್ತಿ. 'ಹಿಸುಯಿ' ಅಂದರೆ ಪಚ್ಚೆಯ ಥರದ ಜೇಡ್ ಕಲ್ಲು, ಹೂವಿನಲ್ಲಿ ಹಸಿರು ಛಾಯೆ. ಕೊರಿಯಾದಲ್ಲಿ ಇದೇ 'ಬಿಚ್ವಿ'. 'ಸೇಕಾಯ್' ಅಂದರೆ ನೀಲಿ ಕಡಲು, ಅದೇ ಅಲ್ಲಿ 'ಚೊಂಗ್‌ಹೆ'. 'ಫುಗಾಕು' ಫೂಜಿ ಪರ್ವತಕ್ಕಿರುವ ಇನ್ನೊಂದು ಹೆಸರು, ಕೊರಿಯಾದವರು 'ಬುಆಕ್' ಅಂತ ಓದುತ್ತಾರೆ. ಇಲ್ಲೇ ನೋಡಿ, ಕಿವಿಯನ್ನು ನಂಬಿದರೆ ಕೆಟ್ಟೆವು. ಫುಗಾಕು, ಬುಆಕ್ ಒಂದೇ ಅಂತ ಯಾರು ಊಹಿಸುತ್ತಾರೆ?

ನನಗೆ ತುಂಬಾ ಇಷ್ಟವಾದ ಹೆಸರುಗಳು ಎರಡು. ಒಂದು 'ತಮಾಕೊಂಗೊ'. ತಮಾ ಅಂದರೆ ರತ್ನ. ಕೊಂಗೊ ಅಂದರೆ ಬೌದ್ಧರ ವಜ್ರ, ನಮ್ಮ ವಜ್ರವೇ. ಎಲೆ ಗಿಡ್ಡ, ದಪ್ಪ. ಇಂಥವನ್ನು ಜಪಾನಿನಲ್ಲಿ 'ಮಾಮೆಬಾ' ಅಂತಾರೆ, ಅಂದರೆ ಕಾಳಿನಂಥ ಎಲೆಯವು. ಕೊರಿಯಾದಲ್ಲಿ 'ದುಯೊಪ್'. ಇನ್ನೊಂದು 'ಮಂಜುಶಾಗೆ'. ಇದು ಬೌದ್ಧ ಸೂತ್ರಗಳಲ್ಲಿ ಬರುವ ದೇವಲೋಕದ ಹೂವು ಮಂಜೂಷಕ. ಸಂಸ್ಕೃತದಿಂದ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ಬಂದು, ಕೊನೆಗೆ ಅಂಗೈ ಅಗಲದ ಗಿಡದ ಚೀಟಿಯಲ್ಲಿ ಕೂತಿದೆ.

ಹೆಸರಿನ ಬಾಲವೂ ಸುಳಿವು ಕೊಡುತ್ತದೆ. 'ಫುಕುರಿನ್' ಅಂದರೆ ಎಲೆಯ ಅಂಚಿಗೆ ಬೇರೆ ಬಣ್ಣದ ಗೆರೆ, ನಮ್ಮ ಸೀರೆಯವರು ಅಂಚು ಅನ್ನೋದೇ. 'ಶಿಮಾ' ಅಂದರೆ ಉದ್ದುದ್ದ ಪಟ್ಟೆ. 'ದೆನ್' ಅಂದರೆ ಅರಮನೆ, 'ನಿಶಿಕಿ' ಅಂದರೆ ಜರತಾರಿ. ಕೊನೆಯ ಎರಡು ಹೊಗಳಿಕೆಯ ಮಾತುಗಳು.

ಚೀಟಿ ಸರಿಯಿದೆಯಾ ಅಂತ ನೋಡಬೇಕಾದರೆ ಲೆನ್ಸ್ ಹಿಡಿದು ಎಲೆಯ ಬುಡ ನೋಡಿ. ಎಲೆ ತೊಟ್ಟಿನಿಂದ ಕಳಚುವ ಜಾಗದಲ್ಲಿ ಒಂದು ಗೆರೆ ಇರುತ್ತದೆ. ಅದಕ್ಕೆ 'ತ್ಸುಕೆ' ಅಂತಾರೆ. ಕೆಲವು ತಳಿಗಳಲ್ಲಿ ಅದು ಬಿದಿಗೆ ಚಂದ್ರನ ಹಾಗೆ ಬಾಗಿರುತ್ತದೆ, ಕೆಲವದರಲ್ಲಿ ಅಲೆ, ಕೆಲವದರಲ್ಲಿ ಬೆಟ್ಟದ ತುದಿ, ಕೆಲವದರಲ್ಲಿ ನೇರ ಅಡ್ಡಗೆರೆ. ಆಮೇಲೆ ಬೆಳೆಯುತ್ತಿರುವ ಬೇರಿನ ತುದಿಯ ಬಣ್ಣ: ಹಸಿರೋ, ಮಣ್ಣುಗೆಂಪೋ, ಮಾಣಿಕ್ಯದ ಹಾಗೆ ಹೊಳೆಯುತ್ತದೋ. ಹೂವಿಲ್ಲದ ಕಾಲದಲ್ಲಿ ತಳಿ ಗುರುತಿಸಲು ಇವು ತುಂಬಾ ಸಹಾಯಕ. ಹಾಗಾಗಿ ಮಾರುವವರ ಹತ್ತಿರ ಹೂವಿನ ಫೋಟೊಗಿಂತ ಈ ಎರಡರ ಫೋಟೊ ಕೇಳಿ.

ಕೊರಿಯಾದ ಪಟ್ಟಿಯಲ್ಲಿ 'ನಾದೊ-ಪುಂಗ್ನಾನ್' ಕಂಡರೆ ಅದು ಬೇರೆಯದೇ ಜಾತಿ, ಎಲೆ ಅಗಲ. 'ನಾದೊ' ಅಂದರೆ 'ನಾನೂ' ಅಂತ! ನಾನೂ ಪುಂಗ್ನಾನೇ ಅಂತ ಹೇಳಿಕೊಳ್ಳುವ ಗಿಡ. ಜಪಾನಿನಲ್ಲಿ ಇದಕ್ಕೆ 'ನಾಗೊರಾನ್' ಅಂತಾರೆ, ಓಕಿನಾವಾದ ನಾಗೊ ಊರಿನ ಹೆಸರು. ಇಲ್ಲಿ ಮಾತ್ರ ಅಕ್ಷರ ಹೋಲಿಸಿದರೆ ಉಪಯೋಗವಿಲ್ಲ, ಎರಡು ಹೆಸರೂ ಬೇರೆ ಬೇರೆ ಕಡೆಯಿಂದ ಬಂದವು. ಕಡ್ಡಿಕಡ್ಡಿಯಾಗಿ ಬೆಳೆಯುವ 'ಸೆಕ್ಕೊಕು' ಇನ್ನೊಂದು, ಅದು ಡೆಂಡ್ರೋಬಿಯಂ ಅನ್ನೋ ಬೇರೆ ಆರ್ಕಿಡ್ ಗುಂಪಿನದು. ಕೊರಿಯಾದಲ್ಲಿ 'ಸೊಕ್ಗೊಕ್'. ಅದರ ಆಯ್ದ ತಳಿಗಳಿಗೆ ದೀರ್ಘಾಯುಷ್ಯದ ಆರ್ಕಿಡ್ ಅನ್ನೋ ಅರ್ಥದ ಹೆಸರು: 'ಚೋಸೇರಾನ್'.

ಇನ್ನು ಕೊಳ್ಳುವ ಮುಂಚೆ. ಮಾರುವವರಿಂದ ಹೆಸರನ್ನು ಚೀನೀ ಅಕ್ಷರಗಳಲ್ಲೇ ಬರೆಸಿಕೊಳ್ಳಿ, ಇಂಗ್ಲಿಷ್ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. 'ಮಿಶೊ' ಅಥವಾ ಕೊರಿಯಾದ 'ಸಿಲ್‌ಸೆಂಗ್' ಅಂತ ಇದೆಯಾ ನೋಡಿ. ಅಂದರೆ ಬೀಜದಿಂದ ಬಂದ ಸಸಿ. ಹಿಸುಯಿಯ ಬೀಜದ ಸಸಿ ಹಿಸುಯಿ ಅಲ್ಲ, ಬುಡದಿಂದ ಒಡೆದು ಕೊಟ್ಟದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಬೆಲೆಯಲ್ಲೂ ತುಂಬಾ ವ್ಯತ್ಯಾಸ. ಕೊರಿಯಾದ ಕಾಡಿನ ಪುಂಗ್ನಾನ್ ಅಳಿವಿನಂಚಿನ ಮೊದಲ ದರ್ಜೆಯಲ್ಲಿದೆ, ಹಾಗಾಗಿ ನರ್ಸರಿಯಲ್ಲಿ ಬೆಳೆಸಿದ್ದು ಅಂತ ಖಾತ್ರಿಯಾದರೆ ಮಾತ್ರ ಮುಂದುವರಿಯಿರಿ. ಹೊರದೇಶದಿಂದ ತರಿಸೋದಾದರೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ಪತ್ರ ಬೇಕು, ಅದರಲ್ಲಿ ಈ ಚಂದದ ಹೆಸರುಗಳು ನಡೆಯೋದಿಲ್ಲ, ವಂಡಾ ಅಂತಲೋ ನಿಯೋಫಿನೆಟಿಯಾ ಅಂತಲೋ ಇರಬೇಕು.