ವೀರ್ಯಾಣು ಕಡಿಮೆ ಇದೆ, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡರೆ ಹೆಚ್ಚಾಗುತ್ತಾ?

ದಯವಿಟ್ಟು ಬೇಡ. ಎಂಎಲ್‌ಗೆ 90 ಲಕ್ಷ ಎಂದು ರಿಪೋರ್ಟ್ ಬಂದಿದೆ, ಜಿಮ್‌ನಲ್ಲಿ ಯಾರೋ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೇಳಿದ್ದಾರೆ ಎಂದು ಬರೆದಿದ್ದೀರಿ. ನನಗೂ ಇದೇ ಸಲಹೆ ಸಿಕ್ಕಿತ್ತು, ಹಾಕಿಸಿಕೊಂಡೆ. ಮುಂದಿನ ರಿಪೋರ್ಟ್‌ನಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ.

ಗಂಡು ಹಾರ್ಮೋನ್ ಹೆಚ್ಚಾದರೆ ವೀರ್ಯಾಣುವೂ ಹೆಚ್ಚುತ್ತದೆ ಎಂಬ ಲೆಕ್ಕವೇ ತಪ್ಪು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನ್ ಬಿಡುತ್ತದೆ. ಎಲ್‌ಎಚ್ ಬಂದರೆ ವೃಷಣದ ಲೇಡಿಗ್ ಕೋಶಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಎಫ್‌ಎಸ್‌ಎಚ್ ಬಂದರೆ ಸೆರ್ಟೋಲಿ ಕೋಶಗಳು ಬೆಳೆಯುವ ವೀರ್ಯಾಣುಗಳನ್ನು ಸಾಕುತ್ತವೆ. ವೀರ್ಯಾಣು ಹುಟ್ಟಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಬೇಕು. ಹೊರಗಿನಿಂದ ಚುಚ್ಚಿಸಿಕೊಂಡದ್ದು ರಕ್ತದಲ್ಲಿ ಏರಿದ ಕೂಡಲೇ ಮೆದುಳು 'ಸಾಕಷ್ಟಿದೆ' ಎಂದು ಎರಡೂ ಹಾರ್ಮೋನ್ ನಿಲ್ಲಿಸುತ್ತದೆ. ರಕ್ತದಲ್ಲಿ ತುಂಬಿ ತುಳುಕುತ್ತಿದ್ದರೂ ವೃಷಣದೊಳಗೆ ಬರ. ಕ್ರಮೇಣ ವೃಷಣ ಮೆತ್ತಗಾಗಿ ಕುಗ್ಗುತ್ತದೆ. ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಂಡರೂ ಇದೇ ಕಥೆ.

ಮೋಸ ಹೋಗುವುದು ಎಲ್ಲಿ ಗೊತ್ತಾ? ವೀರ್ಯದ ಪ್ರಮಾಣ ಕಡಿಮೆಯಾಗುವುದಿಲ್ಲ. ಅದರಲ್ಲಿ ಮೂರನೇ ಎರಡು ಭಾಗದಷ್ಟು ಮೂತ್ರಕೋಶದ ಹಿಂದಿರುವ ಸೆಮಿನಲ್ ವೆಸಿಕಲ್ ಎಂಬ ಗ್ರಂಥಿಗಳಿಂದ, ಉಳಿದದ್ದರಲ್ಲಿ ಹೆಚ್ಚಿನದು ಅದರ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ. ವೃಷಣದಿಂದ ಬರುವುದು ಶೇ. 5ರ ಆಸುಪಾಸು. ಆಸಕ್ತಿ, ನಿಮಿರುವಿಕೆ ಎಲ್ಲ ಜೋರಾಗಿರುತ್ತದೆ. ಕಣ್ಣಿಗೆ ಏನೂ ಕಾಣದು, ಸೂಕ್ಷ್ಮದರ್ಶಕದಡಿ ಮಾತ್ರ ಗೊತ್ತಾಗುತ್ತದೆ. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ವೀರ್ಯಾಣು ಮರಳುತ್ತದೆ, ಆದರೆ 6 ತಿಂಗಳಿಂದ ಒಂದು ವರ್ಷ, ಕೆಲವರಿಗೆ 2 ವರ್ಷವೂ ಹಿಡಿಯುತ್ತದೆ.

ಇನ್ನು ನಿಮ್ಮ 90 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಎಂಎಲ್‌ಗೆ 1 ಕೋಟಿ 60 ಲಕ್ಷ. ಅದಕ್ಕಿಂತ ಕಡಿಮೆ ಇದ್ದವರೂ ತಂದೆಯಾಗಿದ್ದಾರೆ. ಒಂದೇ ರಿಪೋರ್ಟ್ ನಂಬಿ ಔಷಧಕ್ಕೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆಗೆ ಮುಂಚಿನ ಎರಡು-ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತಾ? ವೃಷಣ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿದ್ದರೇ ಕೆಲಸ ನಡೆಯುವುದು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ವೃಷಣದ ಹಿಂಬದಿಗೆ ಅಂಟಿಕೊಂಡ ಎಪಿಡಿಡಿಮಿಸ್ ನಾಳ ದಾಟಲು ಮತ್ತೆ ಒಂದೆರಡು ವಾರ ಬೇಕು. ಜ್ವರದ ಪೆಟ್ಟು ತಡವಾಗಿ ಕಾಣುವುದು ಅದಕ್ಕೇ.

ಮತ್ತೊಮ್ಮೆ ಮಾಡಿಸುವಾಗ 2ರಿಂದ 7 ದಿನ ಸ್ಖಲನ ಬೇಡ. ಎಂಜಲು, ಎಣ್ಣೆ, ಮಾಮೂಲಿ ಕಾಂಡೋಮ್ ಯಾವುದೂ ತಾಗಬಾರದು. ಮೊದಲ ಹನಿಗಳು ಕೆಳಗೆ ಬಿದ್ದರೆ ಲ್ಯಾಬಿಗೆ ತಿಳಿಸಿ, ಹೆಚ್ಚಿನ ವೀರ್ಯಾಣು ಇರುವುದು ಅದರಲ್ಲೇ. ಮನೆಯಲ್ಲಿ ತೆಗೆದರೆ ಡಬ್ಬಿಯನ್ನು ಮೈಗೆ ತಾಗಿಸಿಟ್ಟುಕೊಂಡು ಅರ್ಧ ಗಂಟೆಯೊಳಗೆ, ತೀರಾ ತಡವಾದರೂ ಒಂದು ಗಂಟೆಯೊಳಗೆ ತಲುಪಿಸಿ.

ಆಗಲೂ ಕಡಿಮೆ ಬಂದರೆ ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆ ನೋಡುವ ವೈದ್ಯರು) ಅಥವಾ ಯುರಾಲಜಿಸ್ಟ್ ಹತ್ತಿರ ಹೋಗಿ. ಎದ್ದು ನಿಲ್ಲಲು ಹೇಳಿ, ಪರೀಕ್ಷಿಸಿ ವೆರಿಕೋಸೀಲ್, ಅಂದರೆ ವೃಷಣದ ಉಬ್ಬಿದ ರಕ್ತನಾಳ, ಇದೆಯೇ ಎಂದು ನೋಡುತ್ತಾರೆ. ಹೆಚ್ಚಾಗಿ ಎಡಗಡೆ ಇರುತ್ತದೆ. ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟೆರಾನ್‌ಗೆ ರಕ್ತ ಕೊಡುವುದು ಬೆಳಗ್ಗೆ 10ರೊಳಗೆ. ಹಿಂದೆ ಏನಾದರೂ ಚುಚ್ಚಿಸಿಕೊಂಡಿದ್ದರೆ, ಪುಡಿ-ಮಾತ್ರೆ ನುಂಗಿದ್ದರೆ, ಹೆಸರು ಸಮೇತ ಅವರಿಗೆ ಹೇಳಿ.