ಬರಬೇಡಿ ಅಂದರೂ ಹೋಗಿ ಬನ್ನಿ

ಓದುಗರ ಪ್ರಶ್ನೆ, ಓದುಗರ ಉತ್ತರ

ಪ್ರಶ್ನೆ: ನನ್ನ ಒಬ್ಬನೇ ಮಗ ಅಗ್ನಿವೀರನಾಗಿ ಸೇನೆಗೆ ಸೇರಿದ್ದಾನೆ. ನಾಸಿಕ್ ರೋಡಿನ ತೋಪಖಾನೆ ಕೇಂದ್ರದಲ್ಲಿ ತರಬೇತಿ. ಇನ್ನು ಎರಡೂವರೆ ತಿಂಗಳಿಗೆ ಕಸಮ್ ಪರೇಡ್, ಅಂದರೆ ತರಬೇತಿ ಮುಗಿಸಿ ಪ್ರತಿಜ್ಞೆ ತೆಗೆದುಕೊಳ್ಳುವ ಪರೇಡ್ ಅಂತೆ. ನನಗೆ ಹೋಗಿ ನೋಡುವ ಆಸೆ. ಆದರೆ ಮಗ ಫೋನ್ ಮಾಡಿದಾಗಲೆಲ್ಲ "ಅಷ್ಟು ದೂರ ಸುಮ್ನೆ ಯಾಕೆ ಬರ್ತೀರಾ, ನಾನೇ ರಜೆಗೆ ಬರ್ತೀನಲ್ಲ" ಅನ್ನುತ್ತಾನೆ. ನಮ್ಮ ಮನೆಯವರದ್ದೂ ಅದೇ ಮಾತು. "ಅಲ್ಲಿ ಹೋಗಿ ನೀನು ಅತ್ತುಬಿಟ್ಟರೆ ಆಫೀಸರ್‌ಗಳ ಮುಂದೆ ಅವನಿಗೆ ನಾಚಿಕೆ" ಅಂತಾರೆ. ನನಗೆ ಅಳು ಬೇಗ ಬರುತ್ತದೆ, ಅದು ನಿಜ. ಇದರ ಜೊತೆಗೆ ನೆಂಟರೊಬ್ಬರು "ನಾಲ್ಕು ವರ್ಷದ ಕೆಲಸಕ್ಕೆ ಇಷ್ಟೊಂದು ಸಂಭ್ರಮವಾ" ಅಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮಗನ ಪರೇಡ್ ಕಣ್ಣಾರೆ ಕಂಡ ತಾಯಂದಿರು ಯಾರಾದರೂ ಇದ್ದರೆ ಹೇಳಿ. ಹೋಗಲೋ, ಬೇಡವೋ?
— ಒಬ್ಬ ತಾಯಿ

ಉತ್ತರ: ತಂಗಿ, ಹೋಗಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾಕೆ ಅನ್ನುವುದು ಆಮೇಲೆ.

ನನ್ನ ಮಗ ಮದ್ರಾಸ್ ರೆಜಿಮೆಂಟಿನಲ್ಲಿದ್ದಾನೆ. ಅವರ ತರಬೇತಿ ಕೇಂದ್ರ ಇರುವುದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಕೂನೂರಿನ ಪಕ್ಕ. ಹೆಸರು ಮದ್ರಾಸ್ ಅಂತಿದ್ದರೂ ನಮ್ಮ ಕರ್ನಾಟಕದ ಹುಡುಗರೂ ಇದ್ದಾರೆ, ಕೇರಳ, ಆಂಧ್ರದವರೂ ಇದ್ದಾರೆ. 1758ರಲ್ಲಿ ಶುರುವಾದ ರೆಜಿಮೆಂಟ್, ನಮ್ಮ ಕಾಲಾಳು ಪಡೆಯಲ್ಲೇ ಎಲ್ಲಕ್ಕಿಂತ ಹಳೆಯದು ಅಂತ ಮಗ ಹೆಮ್ಮೆಯಿಂದ ಹೇಳುತ್ತಾನೆ. ಅವನೂ ಅಗ್ನಿವೀರ. ಅವನೂ "ಬರಬೇಡ" ಅಂದಿದ್ದ.

ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮ ಮನೆಯವರು ತೀರಿಕೊಂಡು ಆರು ವರ್ಷವಾಯಿತು. ತರಬೇತಿ 31 ವಾರ ಅಂತ ಗೊತ್ತಾದ ದಿನ ಮೆಷಿನ್ ಎದುರಿನ ಕ್ಯಾಲೆಂಡರಿನಲ್ಲಿ 31 ಭಾನುವಾರಗಳಿಗೆ ಸುತ್ತು ಹಾಕಿದೆ. ಅವನಿಗೆ ಫೋನ್ ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಮೊದಲ ಕೆಲವು ವಾರ ಅವನ ಗಂಟಲು ಪೂರ್ತಿ ಕಟ್ಟಿತ್ತು. "ಶೀತವಾ?" ಅಂತ ಕೇಳಿದೆ. "ಇಲ್ಲಮ್ಮ, ಡ್ರಿಲ್‌ನಲ್ಲಿ ಕೂಗಿ ಕೂಗಿ ಹೀಗಾಗಿದೆ" ಅಂದ. ಆಗ ಕಾಲು ನೋವು, ಬೂಟಿನ ಗಾಯ, ತರಬೇತಿ ಕೊಡುವ ಉಸ್ತಾದ್ ಕೊಟ್ಟ ರಗಡಾ ಶಿಕ್ಷೆ, ಎಲ್ಲ ಹೇಳಿಕೊಳ್ಳುತ್ತಿದ್ದ. ಮೂರನೇ ತಿಂಗಳಿಗೆ ಹೇಳುವುದು ನಿಂತಿತು. "ಚೆನ್ನಾಗಿದೀನಿ, ಊಟ ಆಯ್ತು, ನೀನು ಹೇಗಿದೀಯ" ಇಷ್ಟೇ. ನನಗೆ ಆ ಗಾಯದ ಮಾತಿಗಿಂತ ಈ ಮಾತು ಜಾಸ್ತಿ ಕಷ್ಟವಾಯಿತು. ನಿಮಗೂ ಹಾಗೆ ಆಗಿರಬಹುದು.

ಪರೇಡಿನ ದಿನ ಗೊತ್ತಾದಾಗ "ನಿನ್ನ ಮಂಡಿ ನೋವಿಗೆ ಘಾಟಿ ರಸ್ತೆ ಆಗಲ್ಲ, ಬರಬೇಡ" ಅಂದ. ನಾನು ಅದನ್ನು ನಂಬಿಬಿಟ್ಟಿದ್ದೆ. ಪ್ಯಾಂಟ್ ಸಣ್ಣ ಮಾಡಿಸಲು ಬಂದ ನಿವೃತ್ತ ಹವಾಲ್ದಾರರೊಬ್ಬರು ನನ್ನ ಮನಸ್ಸು ಬದಲಾಯಿಸಿದರು. "ಬರಬೇಡಿ ಅಂತ ಎಲ್ಲ ಹುಡುಗರೂ ಹೇಳ್ತಾರಮ್ಮ. ಪರೇಡ್ ಮುಗಿದ ಮೇಲೆ ಗುಂಪಲ್ಲಿ ಹುಡುಕೋದು ಮಾತ್ರ ಅಮ್ಮನ್ನೇ. ನಾನೂ ಹುಡುಕಿದ್ದೆ" ಅಂದರು. ಅವರ ತಾಯಿ ಹೋಗಿರಲಿಲ್ಲವಂತೆ. ಅಷ್ಟು ವಯಸ್ಸಾದವರು ಅದನ್ನು ಹೇಳುವಾಗ ಪ್ಯಾಂಟಿನ ಅಂಚನ್ನು ಮಡಚುತ್ತಾ, ಬಿಚ್ಚುತ್ತಾ ನಿಂತಿದ್ದರು. ಅವತ್ತೇ ಸಂಜೆ ತಮ್ಮನಿಗೆ ಫೋನ್ ಮಾಡಿ "ನನ್ನ ಕರ್ಕೊಂಡು ಹೋಗು" ಅಂದೆ.

ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ ದಾಟಿ ವೆಲ್ಲಿಂಗ್ಟನ್. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಅದಕ್ಕೇ ಹಿಂದಿನ ದಿನವೇ ಹೋಗಿ ಉಳಿದುಕೊಂಡೆವು. ಸುಮಾರು 6,000 ಅಡಿ ಎತ್ತರದ ಊರು. ಎರಡು ಕಂಬಳಿ ಹೊದ್ದರೂ ಚಳಿ. ಈ ಚಳಿಯಲ್ಲಿ ನಸುಕಿನಲ್ಲೇ ಎದ್ದು ಓಡುತ್ತಿದ್ದನಲ್ಲ ಅಂದುಕೊಂಡು ನನಗೆ ನಿದ್ದೆ ಬರಲಿಲ್ಲ.

ಹೊರಡುವ ಮೊದಲಿನ ಭಾನುವಾರ ಮಗ ಫೋನಿನಲ್ಲಿ ಒಂದು ಗುರುತು ಹೇಳಿಕೊಟ್ಟಿದ್ದ. "ಎರಡನೇ ಗುಂಪು, ಮುಂದಿನ ಸಾಲು, ಎಡದಿಂದ ನಾಲ್ಕನೆಯವನು ನಾನು." ಆ ಗುರುತು ಬೇಕಾಗುತ್ತದೆ ಅಂತ ನನಗೆ ಅನ್ನಿಸಿರಲಿಲ್ಲ. ಹೆತ್ತವಳಿಗೆ ಮಗನ ಗುರುತು ಸಿಗಲ್ವಾ? ಅದೂ ನಾನು, ಗಿರಾಕಿ ಬಾಗಿಲಲ್ಲಿ ನಿಂತಾಗಲೇ ಭುಜದ ಅಳತೆ ಅಂದಾಜು ಮಾಡುವವಳು.

ಸಿಗಲಿಲ್ಲ ತಂಗಿ. ಬ್ಯಾಂಡ್ ಶುರುವಾಯಿತು, ಹುಡುಗರು ಒಳಗೆ ಬಂದರು. ಎಲ್ಲರದೂ ಒಂದೇ ಉಡುಪು, ಒಂದೇ ಕಟಿಂಗ್, ಒಂದೇ ಬಿಸಿಲಿನ ಬಣ್ಣ. ಟೋಪಿ ಹುಬ್ಬಿನವರೆಗೆ. ಕೈ ಎತ್ತಿದರೆ ಎಲ್ಲ ಕೈಗಳೂ ಒಂದೇ ಎತ್ತರಕ್ಕೆ. ನಾವು ಕೂತಿದ್ದ ಕಡೆಯಿಂದ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಬೆರಳು ಮಡಚಿ ಎಡದಿಂದ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಸಿಕ್ಕ! ಸಣ್ಣಗಾಗಿದ್ದಾನೆ ಅನ್ನಿಸಿತು. ಭುಜ ಅಗಲವಾಗಿದೆ ಅನ್ನಿಸಿತು. ಇಡೀ ಪರೇಡ್ ಅವನೊಬ್ಬನನ್ನೇ ನೋಡಿದೆ. ರೆಪ್ಪೆ ಮುಚ್ಚಿದರೆ ತಪ್ಪಿಹೋಗುತ್ತಾನೆ ಅನ್ನುವ ಹಾಗೆ ನೋಡಿದೆ.

ಆಮೇಲೆ ರಾಷ್ಟ್ರಧ್ವಜದ ಮುಂದೆ ಪ್ರತಿಜ್ಞೆ. ಕಸಮ್ ಪರೇಡ್ ಅನ್ನುವ ಹೆಸರು ಬಂದದ್ದೇ ಇದರಿಂದ. ಹಿಂದಿಯಲ್ಲಿತ್ತು, ತಮ್ಮ ಕಿವಿಯಲ್ಲಿ ಅರ್ಥ ಹೇಳುತ್ತಾ ಹೋದ. ನೆಲ, ಸಮುದ್ರ, ಆಕಾಶ, ಯಾವ ದಾರಿಯಲ್ಲಿ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ. ರಾಷ್ಟ್ರಪತಿಯ ಆಜ್ಞೆ, ಮೇಲಧಿಕಾರಿಯ ಆಜ್ಞೆ ಪಾಲಿಸುತ್ತೇನೆ, ನನ್ನ ಪ್ರಾಣಕ್ಕೆ ಅಪಾಯ ಬಂದರೂ. ಆ ಕೊನೆಯ ಮಾತಿಗೆ ತಮ್ಮ ಅರ್ಥ ಹೇಳುವುದನ್ನು ನಿಲ್ಲಿಸಿದ. ಹೇಳದೆ ಬಿಟ್ಟರೂ ನನಗೆ ತಿಳಿಯಿತು.

ಅವರ ರೆಜಿಮೆಂಟಿನದ್ದೊಂದು ಕೂಗು ಇದೆ. "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು." ಅಡಿ ಅಂದರೆ ಹೊಡಿ ಅಂತ. ಕೊಲ್ಲು ಅನ್ನುವುದಕ್ಕೆ ನಮಗೆ ಅರ್ಥ ಬೇಕಿಲ್ಲ, ಕನ್ನಡದಲ್ಲೂ ಅದೇ. ಅಷ್ಟು ಹುಡುಗರು ಒಟ್ಟಿಗೆ ಕೂಗಿದಾಗ ನನ್ನ ಹೊಟ್ಟೆಯೊಳಗೆ ಏನೋ ಅಲುಗಿತು. ಬೋನಿಗೆ ಬಿದ್ದ ಇಲಿಯನ್ನು ಕೊಲ್ಲಲಾರದೆ ಹೊಲದಾಚೆ ಬಿಟ್ಟು ಬರುತ್ತಿದ್ದ ಹುಡುಗ ನನ್ನವನು. ಆ ಕೂಗಿನಲ್ಲಿ ಅವನ ದನಿಯೂ ಇದೆ. ಹೆಮ್ಮೆ ಆಯಿತಾ ಅಂದರೆ ಆಯಿತು. ಹೆದರಿಕೆಯೂ ಆಯಿತು. ಅವನನ್ನು ಯಾರಿಗೋ ಕೊಟ್ಟುಬಿಟ್ಟೆ ಅನ್ನಿಸಿತು. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಹೆಮ್ಮೆಯ ಮಾತು ಹೇಳಿದರೆ ತಪ್ಪಾಗುತ್ತದೆ. ಅಲ್ಲಿಗೆ ಹೋದರೆ ಎರಡೂ ಆಗುತ್ತವೆ. ಮನೆಯಲ್ಲೇ ಕೂತರೆ ಹೆದರಿಕೆ ಒಂದೇ ಇರುತ್ತಿತ್ತೇನೋ.

ಇನ್ನು ಅಳುವ ವಿಷಯ. ಅತ್ತೆ. ಯಾರಿಗೂ ಅವಮಾನ ಆಗಲಿಲ್ಲ. ನನ್ನ ಪಕ್ಕದಲ್ಲಿ ದೊಡ್ಡ ಮೀಸೆಯ ಹಿರಿಯರೊಬ್ಬರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದರು. ಅಲ್ಲಿದ್ದ ಅಧಿಕಾರಿಗಳು ವರ್ಷ ವರ್ಷ ಇದನ್ನು ನೋಡುವವರು. ಒಬ್ಬ ಸುಬೇದಾರರು ನಮ್ಮ ಸಾಲಿಗೆ ಬಂದು ನೀರಿನ ಬಾಟಲಿ ಕೊಟ್ಟು ಹೋದರು, ಅಷ್ಟೇ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಬೇಡ ಅನ್ನುವವರೇ ಅಲ್ಲಿ ಜಾಸ್ತಿ ಅಳುವುದು, ನನ್ನ ತಮ್ಮನನ್ನು ನೋಡಿ ಹೇಳುತ್ತಿದ್ದೇನೆ.

ಪರೇಡ್ ಮುಗಿದು ಹುಡುಗರನ್ನು ಬಿಟ್ಟ ಮೇಲೆ ನಾನು ನೋಡುತ್ತಿದ್ದ ಹುಡುಗನ ಕಡೆ ನಡೆದೆ. ಹತ್ತಿರ ಹೋದೆ. ಅವನು ನನ್ನ ಮಗ ಅಲ್ಲ. ಅಷ್ಟರಲ್ಲಿ ಹಿಂದಿನಿಂದ "ಅಮ್ಮ" ಅಂತ ಕೇಳಿಸಿತು. ತಿರುಗಿದೆ. ನನ್ನವನು ಅಲ್ಲಿ ನಿಂತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅವನು "ನಾನು ಕಂಡೆನಾ? ಹೇಗೆ ಮಾಡಿದೆ?" ಅಂತ ಕೇಳಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಂದ, ನಾನು ಆ ಹುಡುಗನನ್ನ ನೀನು ಅಂದ್ಕೊಂಡು ನೋಡಿಬಿಟ್ಟೆ" ಅಂದೆ. 31 ವಾರ ಕಾದು, ಘಾಟಿ ಹತ್ತಿ ಬಂದು, ಸ್ವಂತ ಮಗನ ಪರೇಡ್ ನೋಡದೆ ಹೋದೆನಲ್ಲ ಅಂತ ಎದೆ ಕುಸಿದಿತ್ತು. ಮಗ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ "ಒಳ್ಳೇದಾಯ್ತು ಬಿಡಮ್ಮ. ಅವನಿಗೆ ಯಾರೂ ಬಂದಿರಲಿಲ್ಲ" ಅಂದ.

ಹೋಗಿ ಅವನನ್ನು ಕರೆದುಕೊಂಡು ಬಂದ. ಉತ್ತರ ಕರ್ನಾಟಕದ ಹುಡುಗ. ತಂದೆ ಕೂಲಿ ಮಾಡುತ್ತಾರಂತೆ. ಅಲ್ಲಿ ತಂದೆ ತಾಯಂದಿರಿಗೆ ಗೌರವ ಪದಕ ಅಂತ ಕೊಡುತ್ತಾರೆ, ಮಗನನ್ನು ಸೇನೆಗೆ ಕೊಟ್ಟದ್ದಕ್ಕೆ. ನನ್ನ ಸೀರೆಯ ಮೇಲೆ ಅದು ಇತ್ತು. ಅವನು ಅದನ್ನೇ ನೋಡುತ್ತಿದ್ದ. "ನಿಮ್ಮ ಮನೇಲಿ ಯಾಕಪ್ಪ ಬರಲಿಲ್ಲ?" ಅಂತ ಕೇಳಬಾರದಿತ್ತು, ಕೇಳಿಬಿಟ್ಟೆ. ಅವನು ತಲೆ ತಗ್ಗಿಸಿ ಹೇಳಿದ, "ನಾನ ಬ್ಯಾಡ ಅಂದಿದ್ದೆ ರೀ. ಖರೇನ ಬರಂಗಿಲ್ಲ ಅಂತ ಗೊತ್ತಿರಲಿಲ್ಲ."

ನಿಮ್ಮ ಪ್ರಶ್ನೆ ಓದಿದಾಗ ನನಗೆ ಕೇಳಿಸಿದ್ದು ಈ ಮಾತು. ನಿಮ್ಮ ಮಗ "ಸುಮ್ನೆ ಯಾಕೆ ಬರ್ತೀರಾ" ಅನ್ನುವಾಗ ಖರ್ಚಿನ ಲೆಕ್ಕ ಹಾಕುತ್ತಿರುತ್ತಾನೆ, ನಿಮ್ಮ ಆಯಾಸದ ಲೆಕ್ಕ ಹಾಕುತ್ತಿರುತ್ತಾನೆ. ತನಗೇನು ಬೇಕು ಅನ್ನುವುದನ್ನು ಅವನು ಆ ಲೆಕ್ಕದಲ್ಲಿ ಸೇರಿಸಿರುವುದಿಲ್ಲ. ಆ ಹುಡುಗನನ್ನು ನಾನು ಅಪ್ಪಿಕೊಂಡೆ. ಇಡೀ ಪರೇಡ್ ನಿನ್ನನ್ನೇ ನೋಡಿದೆ ಕಣಪ್ಪ, ಒಂದು ಹೆಜ್ಜೆಯೂ ತಪ್ಪಲಿಲ್ಲ ನೀನು ಅಂತ ಹೇಳಿದೆ. ಅದು ನಿಜವೂ ಆಗಿತ್ತು. ಮೂವರನ್ನೂ ನಿಲ್ಲಿಸಿ ತಮ್ಮ ಫೋಟೋ ತೆಗೆದ. ಅದನ್ನು ಆ ಹುಡುಗನ ಊರಿಗೂ ಕಳಿಸಿದ್ದೇವೆ.

ನಾಲ್ಕು ವರ್ಷದ ಮಾತು. ನನಗೂ ಈ ಚಿಂತೆ ಇದೆ, ಇಲ್ಲ ಅನ್ನುವುದಿಲ್ಲ. ನೂರಕ್ಕೆ ಹೆಚ್ಚೆಂದರೆ 25 ಜನರನ್ನು ಖಾಯಂ ಮಾಡಿಕೊಳ್ಳುತ್ತಾರೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ಸೇವಾ ನಿಧಿಗೆ ಹೋಗುತ್ತದೆ, ಸರ್ಕಾರ ಅಷ್ಟೇ ಸೇರಿಸುತ್ತದೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೈಗೆ ಬರುತ್ತದೆ ಅಂತ ಯೋಜನೆ ಹೇಳುತ್ತದೆ. ಆಮೇಲೇನು ಅಂತ ಯೋಚಿಸಬೇಕು, ಯೋಚಿಸೋಣ. ಆದರೆ ನಿಮ್ಮ ನೆಂಟರಿಗೆ ಒಂದು ಮಾತು ಹೇಳಿ. ಪ್ರಾಣಕ್ಕೆ ಅಪಾಯ ಬಂದರೂ ಅಂತ ಆ ಹುಡುಗರು ಹೇಳುವ ಪ್ರತಿಜ್ಞೆ ಖಾಯಂ ಸೈನಿಕರು ಹೇಳುವುದೇ. ಅದರಲ್ಲಿ ಅಗ್ನಿವೀರರಿಗೆ ಅಂತ ರಿಯಾಯಿತಿ ಇಲ್ಲ. ಭರ್ತಿಯ ದಿನ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿ ಪೂರ್ತಿ ಅಂಕ ತೆಗೆಯಲು ನನ್ನ ಮಗ ಒಂದೂವರೆ ವರ್ಷ ಕೆರೆ ಏರಿಯ ಮೇಲೆ ಓಡಿದ್ದಾನೆ. ಸಂಭ್ರಮ ಪಡಲು ನನಗೆ ಇಷ್ಟು ಸಾಕು. ನಿಮ್ಮವನೂ ಎಲ್ಲೋ ಓಡಿರುತ್ತಾನಲ್ವಾ?

ಮಗ ರಜೆಗೆ ಬಂದಾಗ ಹೊಸ ಅಂಗಿಗೆ ಅಳತೆ ತೆಗೆದುಕೊಂಡೆ. ಹಳೆಯ ಪುಸ್ತಕದಲ್ಲಿದ್ದದ್ದಕ್ಕಿಂತ ಭುಜ ಒಂದು ಇಂಚು ಜಾಸ್ತಿ, ಸೊಂಟ ಮೂರು ಇಂಚು ಕಡಿಮೆ. ಮೊದಲೆಲ್ಲ ಟೇಪ್ ತಾಗಿದರೆ ಕಚಗುಳಿ ಅಂತ ನುಲಿಯುತ್ತಿದ್ದವನು, ಈಗ ಹೇಳದೆಯೇ ಕೈ ಪಕ್ಕಕ್ಕಿಟ್ಟು ನೆಟ್ಟಗೆ ನಿಂತ. ಕತ್ತಿನ ಅಳತೆ ತೆಗೆಯುವಾಗ ನಾನು ಸ್ಟೂಲ್ ಹತ್ತಬೇಕಾಯಿತು ಅನ್ನುವಷ್ಟೇನೂ ಬೆಳೆದಿರಲಿಲ್ಲ. ಆದರೆ ಹಾಗೆ ಅನ್ನಿಸಿತು. ಅವನು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೊದಿಕೆಯನ್ನು ಚೌಕವಾಗಿ ಮಡಚಿಟ್ಟು ಸುಮ್ಮನೆ ಕೂತಿರುತ್ತಿದ್ದ. ಮೊದಲ ಎರಡು ದಿನ ಏನಾಯಿತೋ ಅಂತ ಕೆದಕಿ ಕೆದಕಿ ಕೇಳಿದೆ, ಒಂದು ಮಾತೂ ಬರಲಿಲ್ಲ. ಮೂರನೇ ದಿನ ನಾನೂ ನಾಲ್ಕೂವರೆಗೆ ಎದ್ದು ಮೆಷಿನ್ ಮುಂದೆ ಕೂತೆ. ಗುಂಡಿ ಹೊಲಿಯುತ್ತಾ ಸುಮ್ಮನಿದ್ದೆ. ಅವನಾಗಿಯೇ ಶುರು ಮಾಡಿದ. ಬೆಳಕು ಹರಿಯುವವರೆಗೆ ಮಾತಾಡಿದ. ನಿಮ್ಮ ಮಗ ಬಂದಾಗ ನೀವೂ ಕೈಯಲ್ಲೊಂದು ಕೆಲಸ ಹಿಡಿದು ಅವನ ಹತ್ತಿರ ಕೂತಿರಿ.

ಈಗ ಹೊರಡುವ ಮಾತು. ರೈಲಿನ ಟಿಕೆಟ್ 60 ದಿನ ಮೊದಲೇ ತೆಗೆಯಬಹುದು, ತಡ ಮಾಡಬೇಡಿ. ಬರುವವರ ಹೆಸರುಗಳನ್ನು ಮಗನ ಹತ್ತಿರ ಮೊದಲೇ ಬರೆಸಿ. ನಮಗೆ ಗೇಟಿನಲ್ಲಿ ಆಧಾರ್ ನೋಡಿ, ಪಟ್ಟಿಯಲ್ಲಿ ಹೆಸರು ಹುಡುಕಿ ಒಳಗೆ ಬಿಟ್ಟರು. ಹಿಂದಿನ ದಿನವೇ ತಲುಪಿ. ಒಂದು ಕೈವಸ್ತ್ರ ಸಾಲುವುದಿಲ್ಲ, ಎರಡು ಇಟ್ಟುಕೊಳ್ಳಿ. ಯಾರೂ ಬಾರದ ಹುಡುಗ ಕಂಡರೆ ಮಾತಾಡಿಸಿ.

ಮತ್ತೆ, ಎಲ್ಲಿ ನಿಂತಿರುತ್ತೀಯ ಅಂತ ಮಗನನ್ನು ಕೇಳಿಕೊಂಡೇ ಹೋಗಿ. ಎಡದಿಂದ ನಾಲ್ಕನೆಯವನು ಅಂದರೆ ಅದು ಅವನ ಎಡ. ಅವನು ನಿಮ್ಮ ಎದುರು ನಿಂತಿರುತ್ತಾನೆ. ನೀವು ನಿಮ್ಮ ಬಲದಿಂದ ಎಣಿಸಿ.